ಹೆಸರು ಹುಡುಕುವ ಮೊದಲು ಕೈ ನೋಡಿ

(ಮಂಡ್ಯದಲ್ಲಿ ಐತಿಹಾಸಿಕ ಕಾದಂಬರಿ ಮತ್ತು ಸ್ಥಳೀಯ ಸ್ತ್ರೀ ಚರಿತ್ರೆ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲೇ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಮಾತು ಶುರು ಮಾಡುತ್ತೇನೆ. ಅಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಮೆಚ್ಚುಗೆಯಾಗಿ ಬೇಡಿದ್ದು ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು, ಎರಡೂ ಕಾದಾಡಿ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಭೂಮಿ ದತ್ತಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅಲ್ಲಿನ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ತಟ್ಟುತ್ತದೆ ಎಂದೂ ಬರೆಸಿದರು.

ಮೊದಲ ಸಲ ಆ ಕಲ್ಲಿನ ಮುಂದೆ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಒಂದು ಮೂಕಪ್ರಾಣಿಗೆ ಇಷ್ಟು ಮರ್ಯಾದೆ ಸಲ್ಲಿಸಿದ ಜನ ನಮ್ಮ ಊರುಗಳಲ್ಲಿ ಇದ್ದರಲ್ಲ ಎಂದು. ಆಚೆ ಬಂದು ಬಸ್ಸು ಹತ್ತಿದ ಮೇಲೆ ಇನ್ನೊಂದು ಪ್ರಶ್ನೆ ಹತ್ತಿಕೊಂಡಿತು. ಕಾಳಿಗೆ ದಿನಾ ಅನ್ನ ಹಾಕಿದವರು ಯಾರು? ಮಣಲೆರನ ಮನೆಯಲ್ಲಿ ಯಾರೋ ಒಬ್ಬಳು ಗಂಜಿ ಬಸಿದು, ತಣ್ಣಗೆ ಮಾಡಿ, ಅದರ ಮುಂದೆ ಇಟ್ಟಿರಬೇಕು. ಹಂದಿಯ ಕೋರೆ ತಾಗಿ ಸತ್ತ ನಾಯಿಯನ್ನು ಹೊತ್ತು ತಂದಾಗ ಅವಳೂ ಅತ್ತಿರಬೇಕು. ಅವಳ ಬಗ್ಗೆ ಕಲ್ಲು ಏನೂ ಹೇಳುವುದಿಲ್ಲ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವತ್ತಿನಿಂದ ಯಾವ ಶಾಸನ ಓದಿದರೂ, ಯಾವ ಕಡತ ತೆಗೆದರೂ, ಈ ಕೆಲಸ ಯಾರ ಕೈಯಲ್ಲಿ ಆಯಿತು ಎಂದು ಕೇಳುವುದು ಅಭ್ಯಾಸವಾಯಿತು. ನಾನು ಇವತ್ತು ನಿಮಗೆ ಹೇಳಬೇಕೆಂದಿರುವುದು ಈ ಅಭ್ಯಾಸದ ಬಗ್ಗೆಯೇ.

ನಿಮ್ಮ ಮನೆಯ ಹಳೆಯ ಪಹಣಿ, ಪತ್ರಗಳನ್ನು ಒಮ್ಮೆ ತೆಗೆದು ನೋಡಿ. ಗಂಡಸಿನ ಹೆಸರಿನ ಮುಂದೆ ‘ಬಿನ್’ ಇರುತ್ತದೆ, ಅಪ್ಪನ ಹೆಸರು ಬರುತ್ತದೆ. ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಇರುತ್ತದೆ, ಗಂಡನ ಹೆಸರು ಬರುತ್ತದೆ. ಊರಿನ ಒಳಗಂತೂ ಅವಳು ತವರಿನ ಹೆಸರಿನಲ್ಲೇ ಬದುಕುತ್ತಾಳೆ. ಕಿಕ್ಕೇರಿಯೋಳು, ಮೇಲುಕೋಟೆಯೋಳು, ಹೊಸಹೊಳಲಿನೋಳು. ನಮ್ಮಜ್ಜಿಯ ನಿಜವಾದ ಹೆಸರು ನನಗೆ ಗೊತ್ತಾದಾಗ ನನಗೆ ಹದಿನೇಳು ವರ್ಷ. ಕೇಳಿದ್ದಕ್ಕೆ ಅಜ್ಜಿ, “ಹೆಸ್ರು ತಕ್ಕಂಡು ಏನ್ ಮಾಡೀಯವ್ವ? ಕರೆಯೋರೆಲ್ಲ ಹ್ವಾದ್ರು” ಅಂದಿತು. ಹೀಗೆ ಹೆಸರನ್ನೇ ಹಿಡಿದುಕೊಂಡು ಹೋದರೆ ನಮ್ಮ ಹೆಂಗಸರ ಚರಿತ್ರೆ ನಾಲ್ಕು ಹೆಜ್ಜೆಗೆ ನಿಂತುಹೋಗುತ್ತದೆ. ಹೆಸರು ಸಿಕ್ಕದಿದ್ದರೂ ಕೈ ಮುಟ್ಟಿದ ಕೆಲಸ ಸಿಗುತ್ತದೆ.

ಹೆಸರೂ ಮಾತೂ ಎರಡೂ ಸಿಕ್ಕಿದ ಅಪರೂಪದ ಹೆಣ್ಣೊಬ್ಬಳಿದ್ದಾಳೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ದೇಕಬ್ಬೆ. 1057ರ ಶಾಸನ. ಇಡೀ ಕತೆ ಪದ್ಯದಲ್ಲಿದೆ, ಓದಿದರೆ ಸಣ್ಣ ಕಾವ್ಯ ಓದಿದ ಹಾಗೆ. ನುಗುನಾಡಿನ ಒಡೆಯ ರವಿಗನ ಮಗಳು ಈಕೆ, ನವಿಲೆನಾಡಿನ ಏಚನ ಹೆಂಡತಿ. ಬಂಧುವೊಬ್ಬನನ್ನು ಕೊಂದ ಕಾರಣಕ್ಕೆ ಏಚನನ್ನು ತಲಕಾಡಿಗೆ ಒಯ್ದು ಅರಸನ ಆಜ್ಞೆಯಂತೆ ಕೊಲ್ಲುತ್ತಾರೆ. ಆಗ ಇಲ್ಲಿ ಚೋಳರ ಆಳ್ವಿಕೆ. ಸುದ್ದಿ ಬಂದಾಗ ದೇಕಬ್ಬೆ ಕೊಂಡಕ್ಕೆ ಬೀಳಲು ನಿಲ್ಲುತ್ತಾಳೆ. ಹೆತ್ತವರು, ಬಂಧುಗಳು ಕಾಲು ಹಿಡಿದು ಬೇಡುತ್ತಾರೆ. ಕೇಳುವುದಿಲ್ಲ. ದಾನಗಳನ್ನು ಕೊಟ್ಟು ಬೆಂಕಿಗೆ ಬೀಳುತ್ತಾಳೆ.

ಈ ಕತೆಯನ್ನು ಕಾದಂಬರಿಯಲ್ಲಿ ತರಲು ಹೊರಟಾಗ ನನ್ನ ಮುಂದೆ ಎರಡು ಸುಲಭದ ದಾರಿಗಳಿದ್ದವು. ಅವಳನ್ನು ದೇವತೆ ಮಾಡಿ ಕೈಮುಗಿಸುವುದು ಒಂದು. ಅವಳಿಗೆ ಇಷ್ಟವಿರಲಿಲ್ಲ, ಜನ ನೂಕಿದರು ಎಂದು ಬರೆಯುವುದು ಇನ್ನೊಂದು. ಒಂದು ಹೆಣ್ಣು ಬೆಂಕಿಗೆ ಬಿದ್ದದ್ದನ್ನು ನಾನು ಹೊಗಳಿ ಬರೆಯಲಾರೆ. ಹಾಗೆಂದು ಕಾಲು ಹಿಡಿದು ಬೇಡಿದ ಅಪ್ಪ ಅಮ್ಮನನ್ನು ನೂಕಿದವರನ್ನಾಗಿ ಮಾಡುವ ಹಕ್ಕೂ ನನಗಿಲ್ಲ. ತಿಂಗಳುಗಟ್ಟಲೆ ಬರೆದು ಹರಿದು ಹಾಕಿದೆ. ಆಮೇಲೆ ಒಂದು ದಿನ ಶಾಸನವನ್ನು ಮತ್ತೆ ಓದುವಾಗ ದಾನದ ಮಾತಿನ ಹತ್ತಿರ ಕಣ್ಣು ನಿಂತಿತು. ಅವಳು ದಾನ ಕೊಟ್ಟಳು. ಕೊಡಬೇಕಾದರೆ ಕೈಯಲ್ಲಿ ಇರಬೇಕಲ್ಲ! ಸಾವಿರ ವರ್ಷದ ಹಿಂದೆ ನಮ್ಮ ನುಗು ಹೊಳೆಯ ಸೀಮೆಯ ಒಬ್ಬ ಹೆಣ್ಣಿಗೆ ತನ್ನದು ಎಂದು ಎತ್ತಿಕೊಡುವಷ್ಟು ಆಸ್ತಿ ಇತ್ತು, ಕೊಟ್ಟದ್ದು ಕೊಟ್ಟದ್ದೇ ಎಂದು ಊರು ಒಪ್ಪುತ್ತಿತ್ತು. ನನ್ನ ಅಧ್ಯಾಯ ಅಲ್ಲಿಂದ ಶುರುವಾಯಿತು. ಬೆಂಕಿಯ ಬಗ್ಗೆ ಅರ್ಧ ಪುಟವೂ ಇಲ್ಲ. ಸುದ್ದಿ ಬಂದ ಗಳಿಗೆಯಿಂದ ಅವಳು ಯಾವುದನ್ನು ಯಾರಿಗೆ ಕೊಡುತ್ತ ಹೋದಳು, ಪೆಟ್ಟಿಗೆ ಬರಿದಾಗುತ್ತ ಹೋದ ಹಾಗೆ ಅವಳ ತಾಯಿ ಏನು ಮಾಡುತ್ತಿದ್ದಳು, ಅಷ್ಟೇ.

ಇದನ್ನು ಓದಿದ ಒಬ್ಬ ತರುಣಿ, “ಮೇಡಂ, ಅದು ಕಲ್ಪನೆ ಅಲ್ಲವಾ?” ಎಂದು ಕೇಳಿದಳು. ಹೌದಮ್ಮ, ಕಲ್ಪನೆಯೇ. ಆದರೆ ಕಲ್ಲು ಕೊಟ್ಟ ಒಂದು ಮಾತಿನ ಮೇಲೆ ನಿಂತ ಕಲ್ಪನೆ. ಕಾದಂಬರಿಕಾರರು ಎಲ್ಲಿ ಕಲ್ಲು ಮುಗಿಯಿತು, ಎಲ್ಲಿ ತಮ್ಮ ಮಾತು ಶುರುವಾಯಿತು ಎಂಬುದನ್ನು ತಮ್ಮೊಳಗಾದರೂ ಗೆರೆ ಎಳೆದು ಇಟ್ಟುಕೊಳ್ಳಬೇಕು. ನನ್ನ ಕೈಬರಹದ ಪ್ರತಿಯಲ್ಲಿ ದಾಖಲೆಯಲ್ಲಿರುವುದನ್ನು ನೀಲಿ ಶಾಯಿಯಲ್ಲಿ, ನಾನು ಕಟ್ಟಿದ್ದನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಬೇಕಾದರೆ ಅಳಿಸಬಹುದು ಎಂದು.

ಕೈ ನೋಡಿ ಅಂದೆನಲ್ಲ, ಅದನ್ನು ನನಗೆ ಕಲಿಸಿದ ಕವಿ ಹೊನ್ನಮ್ಮ. ಯಳಂದೂರಿನವಳು, ಚಿಕ್ಕದೇವರಾಜ ಒಡೆಯರ ಕಾಲದವಳು, ಎಂದರೆ 1673ರಿಂದ 1704ರ ಆಳ್ವಿಕೆಯ ಕಾಲ. ಅವಳ ಹೆಸರಿನ ಮುಂದೆ ಅಪ್ಪನಿಲ್ಲ, ಗಂಡನಿಲ್ಲ. ಅವಳ ಕೆಲಸವಿದೆ: ಸಂಚಿಯ ಹೊನ್ನಮ್ಮ. ಅರಮನೆಯಲ್ಲಿ ವೀಳ್ಯದ ಸಂಚಿ ಹಿಡಿದ ಊಳಿಗದವಳು. ಈಗಿನ ಮಕ್ಕಳಿಗೆ ಸಂಚಿ ಅಂದರೆ ಏನೆಂದು ಗೊತ್ತಿಲ್ಲ. ಅದಕ್ಕೇ ನಮ್ಮಜ್ಜಿಯ ಸಂಚಿಯನ್ನು ಜೊತೆಗೆ ತಂದಿದ್ದೇನೆ. ಸಭೆ ಮುಗಿದ ಮೇಲೆ ಮುಟ್ಟಿ ನೋಡಿ.

ದಪ್ಪ ಬಟ್ಟೆ, ಕೆಂಪು ಅಂಚು. ಒಳಗೆ ನಾಲ್ಕು ಅರೆ. ಎರಡು ಲಾಡಿಯನ್ನು ಎರಡು ಕಡೆ ಎಳೆದರೆ ಬಾಯಿ ಕಟ್ಟಿಕೊಳ್ಳುತ್ತದೆ. ಒಂದು ಅರೆಯಲ್ಲಿ ಅಡಿಕೆ, ಒಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಒಂದರಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಚಿಲ್ಲರೆ ಕಾಸು ಮತ್ತು ಹೊಗೆಸೊಪ್ಪು. ಅಜ್ಜಿ ಕಣ್ಣುಮುಚ್ಚಿಕೊಂಡೇ ಯಾವ ಅರೆಗೆ ಬೇಕೋ ಆ ಅರೆಗೆ ಕೈ ಹಾಕುತ್ತಿತ್ತು. ಎಲೆಯ ತೊಟ್ಟು ಮುರಿಯುವುದು, ಬೆನ್ನಿನ ನಾರು ಉಗುರಿನಲ್ಲಿ ಸೀಳುವುದು, ಸುಣ್ಣವನ್ನು ಹೆಬ್ಬೆರಳಿನಿಂದ ಸವರುವುದು. ಸುಣ್ಣ ತಿಂದು ತಿಂದು ಆ ಹೆಬ್ಬೆರಳಿನ ಚರ್ಮ ಕೆರೆಯ ಮಣ್ಣು ಒಣಗಿ ಬಿರಿದ ಹಾಗೆ ಬಿರಿದಿತ್ತು.

ಈಗ ಹೊನ್ನಮ್ಮನ ಜಾಗದಲ್ಲಿ ನಿಂತು ನೋಡಿ. ಊಟವಾದ ಮೇಲೆ ವೀಳ್ಯ. ಮಾತುಕತೆಯ ನಡುವೆ ವೀಳ್ಯ. ಕವಿಗಳು ಓದುವಾಗ, ವಿದ್ವಾಂಸರು ವಾದಿಸುವಾಗ ವೀಳ್ಯ. ಸಂಚಿ ಹಿಡಿದವಳು ಕೂಗಳತೆಯಲ್ಲಿ ಇದ್ದರೆ ಸಾಲದು, ಕೈಯಳತೆಯಲ್ಲಿ ಇರಬೇಕು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಸಿಂಗರಾರ್ಯರು ಅವಳಿಗೆ ಗುರುಗಳಾದರು, ರಾಣಿ ದೇವಾಜಮ್ಮಣ್ಣಿ ಅವಳ ಕೈಯಲ್ಲಿ ಕಾವ್ಯ ಬರೆಸಲು ಕಾರಣಳಾದಳು. ಬರೆದದ್ದು ಹೆಂಡತಿ ಹೇಗಿರಬೇಕು ಎಂಬ ಧರ್ಮದ ಬಗ್ಗೆ, ‘ಹದಿಬದೆಯ ಧರ್ಮ’. ಆದರೆ ಅದರ ನಡುವೆ, ಹೆತ್ತ ತಾಯಿಯೂ ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹೀಗಳೆಯುವವರಿಗೆ ಕಣ್ಣಿಲ್ಲವೇ ಎಂದು ಕೇಳುವ ಪದ್ಯ ಬರುತ್ತದೆ. ಇವತ್ತಿಗೂ ಅದು ನಮ್ಮ ಹೆಂಗಸರ ಬಾಯಲ್ಲಿದೆ.

ಬರೆದದ್ದು ಸಾಂಗತ್ಯದಲ್ಲಿ ಎಂಬುದನ್ನು ಮರೆಯಬೇಡಿ. ಸಾಂಗತ್ಯ ಹಾಡಿನ ಮಟ್ಟು. ನಾಲ್ಕು ಸಾಲು, ಅಕ್ಷರ ಬರದವರೂ ಎರಡು ಸಲ ಕೇಳಿದರೆ ಬಾಯಿಗೆ ಹತ್ತುತ್ತದೆ. ಹಸೆಗೆ ಕೂರಿಸಿ ಸೋಬಾನೆ ಹೇಳುವ ನಮ್ಮ ಹೆಂಗಸರ ಕಂಠಕ್ಕೆ ಅದು ಹೊಸದಲ್ಲ. ಮುಂದೆ 18ನೇ ಶತಮಾನದ ಮೊದಲ ಭಾಗದಲ್ಲಿ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ಹಿಡಿದದ್ದೂ ಸಾಂಗತ್ಯವನ್ನೇ. ಅವಳು ಎತ್ತಿಕೊಂಡ ಕತೆ ನಮ್ಮ ಮೇಲುಕೋಟೆಯದು, ಚೆಲುವನಾರಾಯಣನನ್ನು ಮೆಚ್ಚಿ ದಿಲ್ಲಿಯಿಂದ ಹುಡುಕಿಕೊಂಡು ಬಂದ ತುರುಕರ ಅರಸುಕುಮಾರಿಯದು. ಮೇಲುಕೋಟೆಗೆ ಹೋದವರೆಲ್ಲ ಬೀಬಿ ನಾಚ್ಚಿಯಾರಳಿಗೆ ಕೈ ಮುಗಿದು ಬರುತ್ತೀರಿ. ಒಬ್ಬ ರಾಣಿ ಆ ಹುಡುಗಿಯನ್ನು ಕಾವ್ಯದ ನಾಯಕಿ ಮಾಡಿದ್ದಾಳೆ ಎಂಬುದನ್ನು ಮುಂದಿನ ಸಲ ನೆನೆಯಿರಿ.

ಶ್ರೀರಂಗಪಟ್ಟಣಕ್ಕೆ ಬರುತ್ತೇನೆ. ಮಂಡ್ಯದಲ್ಲಿ ನಿಂತು ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು. ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೆ ರಾಣಿ ಲಕ್ಷ್ಮಮ್ಮಣ್ಣಿ ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಗುರಿ ಹಿಡಿದು ಕೂತಳು, ಒಡೆಯರ ಮನೆತನಕ್ಕೆ ರಾಜ್ಯ ಮರಳಬೇಕು. ಅವಳ ಪರವಾಗಿ ತಿರುಮಲರಾವ್, ನಾರಾಯಣರಾವ್ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದರು. 1782ರಲ್ಲಿ ಒಂದು ಒಪ್ಪಂದವೂ ಆಯಿತು. ಕಾವಲಿನೊಳಗಿದ್ದ ಹೆಣ್ಣು ಕೋಟೆಯ ಆಚೆಗೆ ಕಾಗದ ದಾಟಿಸಿದಳು. ಆ ಕಾಗದಗಳು ಯಾರ ಯಾರ ಕೈ ದಾಟಿ ಹೋದವು ಎಂದು ಯೋಚಿಸಿ. ಹಾಲಿನವಳೋ, ಹೂವಿನವಳೋ, ಬಟ್ಟೆ ಒಗೆಯುವವಳೋ. ಇದು ನನ್ನ ಪೆನ್ಸಿಲಿನ ಮಾತು. 1799ರ ಮೇ 4ರಂದು ಟಿಪ್ಪು ಸುಲ್ತಾನ ಬಿದ್ದ. ಜೂನ್ 30ಕ್ಕೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಅಜ್ಜಿಯ ಜಾಗದಲ್ಲಿ ನಿಂತು ನೋಡಿಕೊಂಡವಳು ಲಕ್ಷ್ಮಮ್ಮಣ್ಣಿ. 1810ರಲ್ಲಿ ತೀರಿಕೊಂಡಳು. ಸಿಡುಬಿನ ಲಸಿಕೆ ಈ ಸೀಮೆಗೆ ಬಂದದ್ದೂ ಅವಳ ಕೊನೆಯ ವರ್ಷಗಳಲ್ಲಿ. 1805ರ ಸುಮಾರಿನ ಒಂದು ತೈಲಚಿತ್ರದಲ್ಲಿ ಮೈಸೂರು ಅರಮನೆಯ ಮೂವರು ಹೆಂಗಸರಿದ್ದಾರೆ. ಒಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರರೊಬ್ಬರು ಓದಿದ್ದಾರೆ. ಅಲ್ಲೂ ನೋಡಿ, ಕೈ.

ಇಷ್ಟನ್ನೇ ಬರೆದರೆ ಕತೆ ಅರ್ಧ. ಅದೇ ಶ್ರೀರಂಗಪಟ್ಟಣದಲ್ಲಿ, ಅದೇ ಸೋಲಿನ ಬೆನ್ನಿಗೆ, ಟಿಪ್ಪುವಿನ ಮಹಲಿನ ಹೆಂಗಸರನ್ನು ಮನೆ ಬಿಡಿಸಿ ವೇಲೂರಿನ ಕೋಟೆಗೆ ಸಾಗಿಸಿದರು. ನೂರಾರು ಜನ. ಅವರಲ್ಲಿ ಹುಟ್ಟಾ ಶ್ರೀರಂಗಪಟ್ಟಣದವರೂ ಇದ್ದಿರಬೇಕಲ್ಲ. ಕಾವೇರಿ ನೀರು ಕುಡಿದು ಬೆಳೆದವರು ಗಾಡಿಯಲ್ಲಿ ಕೂತು ಹೊಳೆ ದಾಟುವಾಗ ಹಿಂದಕ್ಕೆ ತಿರುಗಿ ನೋಡಿರಲಾರರೆ? ಗುಂಬಜಿಗೆ ಹೋದರೆ ಹೈದರ್ ಮತ್ತು ಟಿಪ್ಪುವಿನ ಗೋರಿಗಳ ಜೊತೆಗೆ ಮೂರನೆಯದೊಂದಿದೆ. ಅದು ಟಿಪ್ಪುವಿನ ತಾಯಿ ಫಕ್ರುನ್ನೀಸಾಳದು. ಒಂದು ಅಂತಃಪುರಕ್ಕೆ ದೀಪ ಹತ್ತಿತು, ಇನ್ನೊಂದು ಅಂತಃಪುರ ಖಾಲಿಯಾಯಿತು. ಎರಡೂ ನಮ್ಮ ಊರಿನ ಹೆಂಗಸರ ಚರಿತ್ರೆಯೇ. ಒಂದನ್ನು ಬರೆದು ಇನ್ನೊಂದನ್ನು ಬಿಡುವವರ ಜೊತೆ ನಾನು ಸೇರುವುದಿಲ್ಲ. ನೀವು ಯಾವ ಕಡೆಯವರು ಎಂದು ನನ್ನನ್ನು ಎಷ್ಟೋ ಸಭೆಗಳಲ್ಲಿ ಕೇಳಿದ್ದಾರೆ. ನಾನು ಗಾಡಿ ಹತ್ತಿದವಳ ಕಡೆಯವಳೂ ಹೌದು, ತೊಟ್ಟಿಲು ತೂಗಿದವಳ ಕಡೆಯವಳೂ ಹೌದು.

ಇನ್ನು ನಂಜನಗೂಡು. ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ಚಿಕ್ಕ ವಯಸ್ಸಿಗೆ ಮದುವೆ, ಚಿಕ್ಕ ವಯಸ್ಸಿಗೇ ವೈಧವ್ಯ. ತಂದೆ ಪುಸ್ತಕಗಳನ್ನು ಕೈಗಿತ್ತರು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಾವೇ ಕಾದಂಬರಿ ಬರೆದು ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಆಮೇಲೆ ಮೌನ. ಮದರಾಸಿಗೆ ಹೋದರು, 1982ರ ವರೆಗೂ ಬದುಕಿದ್ದರು. ಹೊಸಗನ್ನಡದ ಮೊದಲ ಮಹಿಳಾ ಕಾದಂಬರಿಕಾರ್ತಿ ಬದುಕಿರುವಾಗಲೇ ನಾಡು ಅವರನ್ನು ಬಹುಪಾಲು ಮರೆತಿತ್ತು. ನಾನು ಶಾಲೆಯಲ್ಲಿದ್ದಾಗ ಅವರಿನ್ನೂ ಇದ್ದರು. ನಂಜನಗೂಡಿನ ಜಾತ್ರೆಗೆ ಪ್ರತಿ ವರ್ಷ ಹೋಗುತ್ತಿದ್ದೆವು, ತೇರಿಗೆ ಬಾಳೆಹಣ್ಣು ಎಸೆಯುತ್ತಿದ್ದೆವು. ಇಂಥವರೊಬ್ಬರು ಈ ಬೀದಿಯಲ್ಲಿ ಬದುಕಿದ್ದರು ಎಂದು ಒಬ್ಬರೂ ನನಗೆ ಹೇಳಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ.

ಅದಕ್ಕೇ ನಾನು ಬದುಕಿರುವವರ ಹತ್ತಿರ ಹೋಗಿ ಕೂರಲು ಶುರು ಮಾಡಿದ್ದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷವಾಯಿತು. ನಾಲೆ ಬಂತು. ಆಗ ಇರ್ವಿನ್ ನಾಲೆ, ಈಗ ನಮ್ಮ ವಿ.ಸಿ. ನಾಲೆ. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಜಿಲ್ಲೆ. ಇದನ್ನೆಲ್ಲ ಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ನಾಲೆ ಬಂದದ್ದರಿಂದ ಹೆಂಗಸರ ಸೊಂಟಕ್ಕೆ ಏನಾಯಿತು ಎಂಬುದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಕೆಸರಿಗೆ ಇಳಿದರು. ಒಟ್ಲು ಎನ್ನುವ ಸಸಿಮಡಿಯಿಂದ ಪೈರು ಕಿತ್ತು, ಕಟ್ಟು ಕಟ್ಟಿ, ದಿನವಿಡೀ ಬಗ್ಗಿ ಹಿಂದಕ್ಕೆ ಹೆಜ್ಜೆ ಇಡುತ್ತ ನಾಟಿ ಹಾಕಬೇಕು. ಅಜ್ಜಿ ಹೇಳುತ್ತಿತ್ತು, ಮೊದಲ ವರ್ಷ ಊರಲ್ಲಿ ಯಾರಿಗೂ ಸಾಲು ಬರುತ್ತಿರಲಿಲ್ಲವಂತೆ. ಹೊರಗಿನಿಂದ ಬಂದ ನಾಟಿಯಾಳುಗಳನ್ನು ನೋಡಿ ನೋಡಿ ಕಲಿತರಂತೆ. ಆಮೇಲೆ ಮುಯ್ಯಾಳು ಕಟ್ಟಿಕೊಂಡು ಒಬ್ಬರ ಗದ್ದೆಗೆ ಒಬ್ಬರು ಹೋಗುತ್ತಿದ್ದರು. ಬೆರಳ ಸಂದಿಯೆಲ್ಲ ಕೆಸರುಹುಣ್ಣು. ರಾತ್ರಿ ಬಿಸಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿಕೊಂಡು ಮಲಗುವುದು, ಬೆಳಿಗ್ಗೆ ಅದೇ ಕೈಯಲ್ಲಿ ಮುದ್ದೆ ತಿರುವುವುದು. ಮಂಡ್ಯವನ್ನು ಸಕ್ಕರೆ ನಾಡು, ಭತ್ತದ ನಾಡು ಮಾಡಿದ ಆ ಕೈಗಳಿಗೆ ಒಂದು ಕಲ್ಲೂ ನಿಂತಿಲ್ಲ.

ಅಜ್ಜಿ ಹೋದ ಮೇಲೆ ಟ್ರಂಕಿನಲ್ಲಿ ಈ ಸಂಚಿಯ ಜೊತೆ ಒಂದು ಪತ್ರ ಸಿಕ್ಕಿತು. ಆಸ್ತಿಯಲ್ಲಿ ತನ್ನ ಪಾಲು ಬಿಟ್ಟೆನೆಂದು ತನ್ನ ಅಣ್ಣಂದಿರಿಗೆ ಬರೆದುಕೊಟ್ಟ ಹಕ್ಕು ಖುಲಾಸೆ ಪತ್ರದ ನಕಲು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾನೂನು ಮಾಡಿತ್ತು. ಆಗಿನ ಕಾಲಕ್ಕೆ ಅದು ದೊಡ್ಡ ಹೆಜ್ಜೆ. 1956ರಲ್ಲಿ ದೇಶಕ್ಕೇ ಕಾನೂನು ಬಂತು. ಹಕ್ಕು ಬಂದದ್ದರಿಂದಲೇ ಬಿಡುಗಡೆ ಪತ್ರವೂ ಬಂತು. ಪತ್ರದಲ್ಲಿ ಅರಿಶಿನ ಕುಂಕುಮದ ಬಾಬ್ತು ಎಂದು ಸಣ್ಣ ಮೊತ್ತ, ಕೆಳಗೆ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಗುರುತು ಸರಿಯಾಗಿ ಬಂದಿಲ್ಲ. ಎರಡು ಸಲ ಒತ್ತಿಸಿದ್ದಾರೆ. ಸುಣ್ಣ ತಿಂದು ಗೆರೆಗಳೇ ಅಳಿಸಿಹೋಗಿದ್ದವು. ನಾನು ಆ ಪತ್ರ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ದೇಕಬ್ಬೆ ಕೊಟ್ಟದ್ದು ದಾನ. ನಮ್ಮಜ್ಜಿ ಕೊಟ್ಟದ್ದಕ್ಕೆ ಏನೆಂದು ಹೆಸರಿಡಬೇಕೆಂದು ನನಗೆ ಇನ್ನೂ ತೋಚಿಲ್ಲ. ನಿಮ್ಮ ಮನೆಗಳಲ್ಲೂ ಇಂಥ ಪತ್ರಗಳಿವೆ. ದಯವಿಟ್ಟು ಸುಡಬೇಡಿ, ತೂಕಕ್ಕೆ ಹಾಕಬೇಡಿ. ಯಾರು ಯಾವ ಊರಿನವಳು, ಎಷ್ಟು ಎಕರೆ, ಸಾಕ್ಷಿ ಹಾಕಿದವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಕಾದಂಬರಿ ಬರೆಯುವ ಹುಡುಗಿಗೆ ಅದು ಆತಕೂರಿನ ಕಲ್ಲಿಗಿಂತ ಕಡಿಮೆಯದಲ್ಲ.

ಅಲಮೇಲಮ್ಮನ ವಿಷಯ ಹೇಳಿ ಎಂದು ಆಗಲೇ ಚೀಟಿ ಬಂದಿದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಶಾಪ ನಮಗೆಲ್ಲರಿಗೂ ಬಾಯಿಪಾಠ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಜನ ಹೆಂಡತಿ ಈಕೆ. ಮರಳಿನ ಬಗ್ಗೆ ಭೂವಿಜ್ಞಾನಿಗಳು ಬೇರೆ ಕಾರಣ ಹೇಳುತ್ತಾರೆ. 14ನೇ ಶತಮಾನದಲ್ಲಿ ತಲಕಾಡಿನ ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ಹೊಳೆಯ ನೀರು ತಗ್ಗಿತು, ಹೊಳೆಯ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ಸುರಿಯಿತು ಎಂದು. ಅದನ್ನು ಒಪ್ಪುತ್ತೇನೆ. ಒಪ್ಪಿದ ಮೇಲೂ ಅವಳು ಉಳಿಯುತ್ತಾಳೆ. ಅರಮನೆಯವರೇ ಅವಳ ವಿಗ್ರಹ ಇಟ್ಟು ಪೂಜಿಸುತ್ತ ಬಂದಿದ್ದಾರೆ.

ಐತಿಹ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಶಾಪವಲ್ಲ, ಒಡವೆ. ಆ ಒಡವೆಗಳು ಶ್ರೀರಂಗಪಟ್ಟಣದ ದೇವಿ ರಂಗನಾಯಕಿ ಅಮ್ಮನವರಿಗೆ ಗೊತ್ತಾದ ವಾರಗಳಲ್ಲಿ ಹೋಗಿ ಮತ್ತೆ ಅವಳ ಹತ್ತಿರ ಬರುತ್ತಿದ್ದವು ಎನ್ನುತ್ತಾರೆ. ಎಂದರೆ ಅವುಗಳನ್ನು ಒರೆಸಿ, ಎಣಿಸಿ, ಕಳಿಸಿ, ಮರಳಿ ಬಂದಾಗ ಮತ್ತೆ ಎಣಿಸಿ ಎತ್ತಿಡುತ್ತಿದ್ದ ಕೈ ಅವಳದು. ರಾಜ ಒಡೆಯರ ಕಡೆಯಿಂದ ಒಡವೆ ಕೇಳಿ ಬಂದವರಿಗೆ ಮುತ್ತಿನ ಮೂಗುತಿ ಒಂದನ್ನು ಕೊಟ್ಟು, ಉಳಿದದ್ದನ್ನು ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಬಿದ್ದಳು. ಅದೊಂದನ್ನೇ ಯಾಕೆ ಕೊಟ್ಟಳು?

ಆ ಪ್ರಶ್ನೆ ಹೊತ್ತುಕೊಂಡು ಹೋದ ವರ್ಷ ಮಾಲಂಗಿಯ ಕಡೆಗೆ ಹೋಗಿದ್ದೆ. ಹರಿಗೋಲಿನ ಯಜಮಾನರೊಬ್ಬರು ನನ್ನನ್ನು ಮಡುವಿನ ಹತ್ತಿರಕ್ಕೆ ಕರೆದುಕೊಂಡು ಹೋಗಿ ಹುಟ್ಟು ನಿಲ್ಲಿಸಿದರು. ನೀರು ಅಲ್ಲಾಡುತ್ತಿರಲಿಲ್ಲ, ಹಸಿರಾಗಿತ್ತು. “ಇಲ್ಲಿ ಗಳ ನಿಲುಕಲ್ಲ ಕಣಮ್ಮ” ಅಂದರು. ನಾನು ಸೆರಗಿನ ತುದಿಯನ್ನು ಮಡಿಲಿಗೆ ತಂದು, ಕೈಯಲ್ಲಿದ್ದ ಬಳೆಗಳನ್ನು ಬಿಚ್ಚಿ ಅದರಲ್ಲಿಟ್ಟು ಗಂಟು ಹಾಕಿ ನೋಡಿದೆ. ಭಾರವಾದ ಒಡವೆಗೆ ಒಂದು ಗಂಟು ಸಾಲದು. ಎರಡು ಹಾಕಬೇಕು, ಮೇಲೆ ಸೊಂಟಕ್ಕೆ ಬಿಗಿಯಬೇಕು. ಅವಸರದಲ್ಲಿ ಆಗುವ ಕೆಲಸವಲ್ಲ ಅದು. ಹಾಗಾದರೆ ಅವಳು ಓಡುತ್ತ ಬಂದವಳಲ್ಲ, ಕೂತು ಕಟ್ಟಿಕೊಂಡು ಬಂದವಳು. ನನ್ನ ಅಧ್ಯಾಯ ಸದ್ಯಕ್ಕೆ ಎರಡನೆಯ ಗಂಟಿನ ವರೆಗೆ ಬಂದಿದೆ. ಪೆನ್ಸಿಲಿನಲ್ಲಿದೆ.